ಹೈಡ್ ಮಾಡಿದ ವೈಫೈಗೆ ಎರಡನೇ ರೂಟರ್ ಜೋಡಿಸುವಾಗ

ವೈಫೈ ಹೆಸರು ಹೈಡ್ ಮಾಡಿಟ್ಟಿದ್ದೀರಿ, ಮೇಲಿನ ಮಹಡಿಗೆ ಸಿಗ್ನಲ್ ಸಿಗುತ್ತಿಲ್ಲ ಅಲ್ವಾ? ಹಳೆಯ ರೂಟರ್ ಇದ್ದರೆ ಎಸೆಯಬೇಡಿ, ಅದನ್ನೇ ಎರಡನೇ ರೂಟರ್ ಆಗಿ ಮೇಲಿಡಿ. ಸಾಧ್ಯವಾದರೆ ಎರಡರ ನಡುವೆ ಕೇಬಲ್ ಎಳೆಯಿರಿ, ಯಾಕೆಂದರೆ ಕೇಬಲ್ ಇಲ್ಲದೆ ಮೊದಲ ರೂಟರ್ ಸಿಗ್ನಲ್ ಹಿಡಿದು ಮುಂದೆ ಕಳಿಸುವ ರಿಪೀಟರ್ ಮೋಡ್‌ನಲ್ಲಿ ಒಂದೇ ರೇಡಿಯೋ ಡೇಟಾ ತರುವುದನ್ನೂ ಕೊಡುವುದನ್ನೂ ಮಾಡಬೇಕಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೊದಲ ರೂಟರ್ ವಿಳಾಸ 192.168.1.1 ಆಗಿದ್ದರೆ ಎರಡನೆಯದಕ್ಕೆ 192.168.1.2 ಕೊಡಿ, ಅದು ಬೇರೆ ಯಾವುದಕ್ಕೂ ಹೋಗದಂತೆ ನೋಡಿಕೊಳ್ಳಿ. ಆಮೇಲೆ ಎರಡನೆಯದರಲ್ಲಿ ಫೋನ್‌ಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಲೇಬೇಕು. ಬಿಟ್ಟರೆ ಎರಡೂ ರೂಟರ್‌ಗಳು ವಿಳಾಸ ಹಂಚಲು ಶುರುಮಾಡಿ, ಒಂದು ಫೋನ್‌ನಲ್ಲಿ ನೆಟ್ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ, ಕಾರಣ ಹುಡುಕುವುದರಲ್ಲೇ ದಿನ ಹೋಗುತ್ತದೆ. ಕೇಬಲ್ ಎರಡೂ ಕಡೆ ಲ್ಯಾನ್ ಪೋರ್ಟ್‌ಗೇ ಹಾಕಿ.

ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ರಲ್ಲಿ ಎರಡನ್ನು ಆರಿಸಿ.

ಕೇಬಲ್ ಆಗುವುದೇ ಇಲ್ಲ, ರಿಪೀಟರೇ ಗತಿ ಅಂದರೆ, ಸ್ಕ್ಯಾನ್ ಲಿಸ್ಟ್‌ನಲ್ಲಿ ನಿಮ್ಮ ವೈಫೈ ಹೆಸರು ಕಾಣುವುದಿಲ್ಲ ಎಂದು ಗಾಬರಿಯಾಗಬೇಡಿ. ಹೆಸರನ್ನು ಕೈಯಾರೆ ಟೈಪ್ ಮಾಡಿ, ದೊಡ್ಡಕ್ಷರ ಚಿಕ್ಕಕ್ಷರ ಸೇರಿ ಹಾಗೇ ಇರಬೇಕು. ಟೈಪ್ ಮಾಡುವ ಜಾಗವೇ ಇಲ್ಲದಿದ್ದರೆ ಸ್ವಲ್ಪ ಹೊತ್ತು ಹೈಡ್ ತೆಗೆದು ಜೋಡಿಸಿ ನೋಡಿ.

ನನ್ನ ಮಟ್ಟಿಗೆ ಹೈಡ್ ಮಾಡುವುದೇ ಬೇಡ. ಹುಡುಕುವ ಆ್ಯಪ್ ಇದ್ದವರಿಗೆ ಆ ಹೆಸರು ಸುಲಭವಾಗಿ ಸಿಗುತ್ತದೆ, ನಿಮ್ಮ ಫೋನ್ ಹೊರಗೆ ಹೋದಾಗಲೂ ಆ ಹೆಸರನ್ನು ಕೂಗಿ ಹುಡುಕುತ್ತಿರಬಹುದು. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಸೆಕ್ಯುರಿಟಿ ಹಾಕಿ, ಪಾಸ್‌ವರ್ಡ್ ಉದ್ದವಾಗಿಡಿ.