ಗೋಡೆಯ ಮೇಲಿನ ಸರ್ಟಿಫಿಕೇಟು: ನನ್ನ ಮೊಣಕಾಲಿನ ಪೆನ್ಷನ್ ಬಂದದ್ದು ಹೀಗೆ

ಫೌಜಿನಲ್ಲಿದ್ದಾಗ ನನ್ನ ಬಲ ಮೊಣಕಾಲಿಗೆ ಪೆಟ್ಟು ಬಿದ್ದದ್ದು 2007ರಲ್ಲಿ. ಅದರ ಡಿಸ್‌ಎಬಿಲಿಟಿ ಪೆನ್ಷನ್, ಅಂದರೆ ಅಂಗವೈಕಲ್ಯದ ಪಿಂಚಣಿ, ಕೈಗೆ ಸಿಕ್ಕಿದ್ದು 2023ರಲ್ಲಿ. ನವಲಗುಂದದ ಕಡೆ ನಮ್ಮ ಊರಿನಲ್ಲೇ ಇನ್ನೂ ಮೂರು ಮಂದಿ ಮಾಜಿ ಸೈನಿಕರು ಇದೇ ಕಾಗದ ಹಿಡಿದುಕೊಂಡು ಓಡಾಡುತ್ತಿದ್ದಾರೆ. ಅವರಿಗೆ ಕುಳಿತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಗುಂಡು ತಗುಲಿರಲಿಲ್ಲ. ಯೂನಿಟ್‌ನಲ್ಲಿ ಕಂಪನಿ ಕಂಪನಿಗಳ ನಡುವೆ ಕಬಡ್ಡಿ ಪಂದ್ಯ ಇತ್ತು. ರೈಡಿಗೆ ಹೋದಾಗ ಇಬ್ಬರು ಕಾಲು ಹಿಡಿದರು. ನಾನು ಮೈ ತಿರುಗಿಸಿದೆ, ಕಾಲು ತಿರುಗಲಿಲ್ಲ. ಒಳಗೆ ಏನೋ ಚಟ್ ಅಂದಿತು. ಯೂನಿಟ್ಟಿನ ದವಾಖಾನೆಯಾದ ಎಂಐ ರೂಮಿನಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಊತ ಇಳಿಯದೆ ಇದ್ದಾಗ ಮಿಲಿಟರಿ ಆಸ್ಪತ್ರೆಗೆ ಕಳಿಸಿದರು. ಎಸಿಎಲ್, ಅಂದರೆ ಮೊಣಕಾಲಿನ ಒಳಗಿನ ಕಟ್ಟುನಾರು, ಹರಿದಿತ್ತು. ಆಪರೇಷನ್ ಆಯಿತು, ಮೆಡಿಕಲ್ ಕೆಟಗರಿ ಇಳಿಯಿತು. ಆಮೇಲೆ ಹನ್ನೊಂದು ವರ್ಷ ಆ ಕಾಲಿನಲ್ಲೇ ನೌಕರಿ ಮಾಡಿ, 2018ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದೆ.

ನಮ್ಮದು ಎರೆ ಹೊಲ. ಮಳೆಯಾದ ಮೇಲೆ ಕಾಲಿಟ್ಟರೆ ಮಣ್ಣು ಬಿಡುವುದಿಲ್ಲ. ಹಾಗೆ ಕಾಲು ಕಿತ್ತಿಡುವಾಗ ಮೊಣಕಾಲು ಒಳಗೆ ಜಾರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. "ಮಿಲಿಟ್ರಿಯವರು ಗಟ್ಟಿ ಅದಾರ ಬಿಡ್ರಿ" ಅನ್ನುತ್ತಾರೆ.

ಆಟದಲ್ಲಿ ಬಿದ್ದ ಪೆಟ್ಟಿಗೆ ಪೆನ್ಷನ್ ಕೇಳುವುದು ಸರಿಯಾ ಅಂತ ಮೊದಲು ನನಗೂ ಅನಿಸಿತ್ತು. ನಿಯಮ ಓದಿದ ಮೇಲೆ ಆ ಅಳುಕು ಹೋಯಿತು. ಫೌಜು ತಾನೇ ಏರ್ಪಡಿಸಿದ ಆಟ, ಪಿಟಿ, ಪರೇಡು, ಎಲ್ಲವೂ ಡ್ಯೂಟಿಯ ಲೆಕ್ಕವೇ. ನಾನು ಸುಮ್ನೆ ಸಂಜೆ ಹೊತ್ತು ಕಳೆಯಲು ಆಡಿರಲಿಲ್ಲ. ಕಂಪನಿ ಹೆಸರು ಹಾಕಿ ಕಳಿಸಿತ್ತು, ಹೋಗಿದ್ದೆ.

ನಾನು ಹೊರಬಂದ ಕಾಲದ ನಿಯಮದಲ್ಲಿ ಡಿಸ್‌ಎಬಿಲಿಟಿ ಪೆನ್ಷನ್ ಸಿಗಲು ಎರಡು ವಿಷಯ ಬೇಕಿತ್ತು. ಒಂದು, ಮೆಡಿಕಲ್ ಬೋರ್ಡ್ ಕನಿಷ್ಠ 20 ಪರ್ಸೆಂಟ್ ಅಂತ ಬರೆಯಬೇಕು. ಎರಡು, ಅದು ನೌಕರಿಯಿಂದ ಆದದ್ದು ಅಥವಾ ನೌಕರಿಯಿಂದ ಜಾಸ್ತಿಯಾದದ್ದು ಅಂತ ಒಪ್ಪಬೇಕು. ಹೆಚ್ಚಿನವರು ಪರ್ಸೆಂಟೇಜಿನ ಚಿಂತೆಯಲ್ಲೇ ಇರುತ್ತಾರೆ. ನಾನೂ ಹಾಗೇ ಇದ್ದೆ. ನೌಕರಿ ಬಿಡುವಾಗ ನಡೆಯುವ ಮೆಡಿಕಲ್ ಬೋರ್ಡು, ಅಂದರೆ ರಿಲೀಸ್ ಬೋರ್ಡಿನಲ್ಲಿ ನನಗೆ 20 ಪರ್ಸೆಂಟ್ ಕೊಟ್ಟರು. ಖುಷಿಯಾಗಿ ಸಹಿ ಹಾಕಿ ಬಂದೆ. ಕೆಳಗಿನ ಕಾಲಮ್ಮಿನಲ್ಲಿ ಎನ್‌ಎಎನ್‌ಎ ಅಂತ ಇತ್ತು. ಅಂದರೆ ನೌಕರಿಯಿಂದ ಆದದ್ದೂ ಅಲ್ಲ, ಜಾಸ್ತಿಯಾದದ್ದೂ ಅಲ್ಲ. ಆ ನಾಲ್ಕು ಅಕ್ಷರ ನನ್ನನ್ನು ಐದು ವರ್ಷ ಓಡಾಡಿಸಿದವು.

ಬೋರ್ಡ್ ಕೊಟ್ಟ ಕಾರಣ: ಇಂಜುರಿ ರಿಪೋರ್ಟ್ ಇಲ್ಲ. ಐಎಎಫ್‌ವೈ-2006 ಅನ್ನುವ ಫಾರಂ ಅದು. ಪೆಟ್ಟು ಬಿದ್ದ ಕೂಡಲೇ ಯೂನಿಟ್ ತುಂಬಬೇಕು. ಎಲ್ಲಿ, ಯಾವಾಗ, ಹೇಗೆ, ಡ್ಯೂಟಿಯಲ್ಲಿ ಇದ್ದನೋ ಇಲ್ಲವೋ ಅಂತ ಸಿಒ (ಯೂನಿಟ್ಟಿನ ಕಮಾಂಡಿಂಗ್ ಆಫೀಸರ್) ಬರೆದು ಸಹಿ ಹಾಕುತ್ತಾರೆ. ಆಗ ನಮ್ಮ ಯೂನಿಟ್ ಬೇರೆ ಕಡೆ ಹೊರಡುವ ತಯಾರಿಯಲ್ಲಿತ್ತು. ನನ್ನ ರಿಪೋರ್ಟ್ ಯಾರೂ ಮಾಡಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದ ನಾನೂ ಕೇಳಲಿಲ್ಲ. ಕೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ರಿಜೆಕ್ಟ್ ಆದ ಪತ್ರ ಬಂದಾಗ ಮೊದಲ ಅಪೀಲು ಬರೆದೆ. ಅದಕ್ಕೆ ಆರು ತಿಂಗಳ ಗಡುವು. ನಾಲ್ಕು ಪುಟ ಬರೆದಿದ್ದೆ. ಇಪ್ಪತ್ನಾಲ್ಕು ವರ್ಷ ದುಡಿದೆ, ಹಿಮದಲ್ಲಿ ನಿಂತೆ, ಮಕ್ಕಳು ಸಣ್ಣವರಿದ್ದಾರೆ ಅಂತೆಲ್ಲ. ಎಲ್ಲವೂ ನಿಜವೇ. ಆದರೆ ಅವರ ಪ್ರಶ್ನೆ ಒಂದೇ ಇತ್ತು: ಮೊಣಕಾಲಿಗೂ ಡ್ಯೂಟಿಗೂ ಏನು ನಂಟು? ಆ ಪ್ರಶ್ನೆಗೆ ನನ್ನ ನಾಲ್ಕು ಪುಟದಲ್ಲಿ ಉತ್ತರ ಇರಲಿಲ್ಲ. ಅದೂ ರಿಜೆಕ್ಟ್ ಆಯಿತು.

ಆಮೇಲೆ ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು. ಅದರಲ್ಲಿ ಹತ್ತಲು ಇಳಿಯಲು ಮೆಟ್ಟಿಲಿಲ್ಲ, ಪ್ಲಾಟ್‌ಫಾರ್ಮಿನಿಂದ ನೇರ ಒಳಗೆ ಹೋಗಬಹುದು. ನನ್ನಂಥ ಕಾಲಿನವರಿಗೆ ಅದು ದೊಡ್ಡ ಉಪಕಾರ. ಕಚೇರಿಯಲ್ಲಿ ತಮ್ಮ ಕೆಲಸಕ್ಕೆ ಬಂದಿದ್ದ ನಿವೃತ್ತ ಸುಬೇದಾರ್ ಸಾಹೇಬರೊಬ್ಬರು ನನ್ನ ಅಪೀಲನ್ನು ಓದಿ ಮಡಚಿ ಕೊಟ್ಟರು.

"ಇದೆಲ್ಲಾ ಖರೆ ಐತಿ ತಮ್ಮಾ. ಕಾಗದ ಏನ್ ಐತಿ, ಅದನ್ನ ಹೇಳು."

ಇರಲಿಲ್ಲ. ಆರ್‌ಟಿಐ ಹಾಕು ಅಂದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಎರಡು ಅರ್ಜಿ ಹಾಕಿದೆ. ಒಂದು ಬೋರ್ಡಿನ ಪೂರ್ತಿ ಪ್ರತಿಗೆ. ಇನ್ನೊಂದು 2007ರ ಆಸ್ಪತ್ರೆಯ ಕೇಸ್ ಶೀಟಿಗೆ. ಎರಡನೆಯದು ಬಂದ ದಿನ ಮನೆಯ ಕಟ್ಟೆಯ ಮೇಲೆ ಕೂತು ಓದಿದೆ. ದಾಖಲಾದ ದಿನ ಡಾಕ್ಟರು ಒಂದು ಸಾಲು ಬರೆದಿದ್ದರು: ಯೂನಿಟ್‌ನಲ್ಲಿ ಕಬಡ್ಡಿ ಆಡುವಾಗ ಬಲ ಮೊಣಕಾಲು ತಿರುಚಿದೆ. ಪೆನ್ಷನ್ನಿನ ಮಾತೇ ಇಲ್ಲದ ಹೊತ್ತಿನಲ್ಲಿ ಬರೆದ ಸಾಲು ಅದು. ಅದಕ್ಕೇ ಅದರ ತೂಕ ಜಾಸ್ತಿ.

ಆದರೂ ಒಂದು ಕೊರತೆ ಇತ್ತು. ಯೂನಿಟ್‌ನಲ್ಲಿ ಆಡಿದೆ ಸರಿ, ಯೂನಿಟ್ಟೇ ಆಡಿಸಿತು ಅಂತ ತೋರಿಸುವುದು ಹೇಗೆ? ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಹೆಂಡತಿಗೆ ಹೇಳುತ್ತಿದ್ದೆ. ಅವ್ವ ರೊಟ್ಟಿ ಹಾಕುತ್ತಾ ಕೇಳಿಸಿಕೊಂಡಳು.

"ಕಬಡ್ಡಿ ಅಂದ್ರ ಆ ಗ್ವಾಡಿ ಮ್ಯಾಲಿಂದು ಏನೋ?"

ದೇವರ ಫೋಟೊಗಳ ಪಕ್ಕ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟ್ ನೇತಾಡುತ್ತಿತ್ತು. ನಮ್ಮ ಕಂಪನಿ ಆ ಸಲ ಗೆದ್ದಿತ್ತು. ಆಡಿದವರಿಗೆಲ್ಲ ಕೊಟ್ಟಿದ್ದರು. ನಾನು ರಜೆಗೆ ಬಂದಾಗ ಟ್ರಂಕಿನಿಂದ ತೆಗೆದು ಅವ್ವನೇ ಕಟ್ಟು ಹಾಕಿಸಿದ್ದಳು. ಇಳಿಸಿ ಧೂಳು ಒರೆಸಿದೆ. ಇಂಟರ್ ಕಂಪನಿ ಕಬಡ್ಡಿ ಅಂತ ಇತ್ತು. ತಾರೀಖು ಇತ್ತು. ಸಿಒ ಸಹಿ, ಯೂನಿಟ್ಟಿನ ಸೀಲು ಇತ್ತು. ಕೇಸ್ ಶೀಟಿನ ತಾರೀಖು ಅದಕ್ಕೆ ಎರಡು ದಿನ ಆಚೆ. ನನ್ನ ಕಣ್ಣು ತುಂಬಿ ಬಂತು. ಅವ್ವನಿಗೆ ಓದಲು ಬರುವುದಿಲ್ಲ.

ಆ ದಿನ ನನ್ನ ಜೊತೆ ಆಡಿದ ಇಬ್ಬರನ್ನು ಹುಡುಕಿದೆ. ಒಬ್ಬ ರೋಣದ ಹತ್ತಿರ, ಇನ್ನೊಬ್ಬ ಶಿಗ್ಗಾಂವಿಯಲ್ಲಿ. ಇಬ್ಬರೂ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ಕೊಟ್ಟರು. ಬಸ್ ಚಾರ್ಜ್ ಸಹ ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಇಟ್ಟು ಎರಡನೇ ಅಪೀಲು ಕಳಿಸಿದೆ. ಅಲ್ಲೂ ಒಪ್ಪಲಿಲ್ಲ. ಆಗ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆ. ವಕೀಲರು ಮಾತನಾಡಿದ್ದು ಸ್ವಲ್ಪವೇ ಹೊತ್ತು. ಕೇಸ್ ಶೀಟು ಮತ್ತು ಸರ್ಟಿಫಿಕೇಟನ್ನು ಅಕ್ಕಪಕ್ಕ ಇಟ್ಟು ತಾರೀಖು ತೋರಿಸಿದರು. ಪೆಟ್ಟು ನೌಕರಿಯಿಂದಲೇ ಆದದ್ದು ಅಂತ ಆದೇಶ ಬಂತು.

ಇನ್ನು ಹಣದ ಲೆಕ್ಕ. ಇದನ್ನು ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಕಾಲದ ನಿಯಮದಂತೆ 100 ಪರ್ಸೆಂಟ್ ಅಂಗವೈಕಲ್ಯಕ್ಕೆ ಕೊನೆಯ ಸಂಬಳದ 30 ಪರ್ಸೆಂಟ್ ಸಿಗುತ್ತದೆ. ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಸುಲಭಕ್ಕೆ ಕೊನೆಯ ಸಂಬಳ 40,000 ಅಂದುಕೊಳ್ಳಿ. 100ಕ್ಕೆ 12,000 ರೂಪಾಯಿ. 20ಕ್ಕೆ 2,400. ಆದರೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದಿದೆ. 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಅಂತಲೂ, 50ರಿಂದ 75ರವರೆಗಿನದನ್ನು 75 ಅಂತಲೂ, ಅದರ ಮೇಲಿನದನ್ನು 100 ಅಂತಲೂ ಹಿಡಿಯುತ್ತಾರೆ. ಹಾಗಾದಾಗ 2,400 ಇದ್ದದ್ದು 6,000 ಆಗುತ್ತದೆ. ಮೇಲೆ ಡಿಎ ಬೇರೆ. ಮೊದಲು ಇದನ್ನು ಬೋರ್ಡ್ ಔಟ್ ಆದವರಿಗೆ, ಅಂದರೆ ಅನರ್ಹ ಅಂತ ಮೆಡಿಕಲ್ ಬೋರ್ಡ್ ಮನೆಗೆ ಕಳಿಸಿದವರಿಗೆ, ಮಾತ್ರ ಕೊಡುತ್ತಿದ್ದರು. ನನ್ನಂತೆ ಸರ್ವೀಸ್ ಮುಗಿಸಿ ಬಂದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿತು. ಅರ್ಜಿಯಲ್ಲಿ ಇದನ್ನು ಬೇರೆಯಾಗಿಯೇ ಕೇಳಿ. ಕೇಳದಿದ್ದರೆ 20ಕ್ಕೇ ನಿಂತುಬಿಡಬಹುದು.

ತಡ ಮಾಡಬೇಡಿ ಅಂತ ಹೇಳಲು ಇನ್ನೊಂದು ಕಾರಣ ಇದೆ. ತುಂಬಾ ವರ್ಷ ಬಿಟ್ಟು ನ್ಯಾಯಮಂಡಳಿಗೆ ಹೋದರೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಿಗುತ್ತದೆ. ನಾನು ಮೂರು ವರ್ಷದೊಳಗೆ ಹೋಗಿದ್ದರಿಂದ 2018ರಿಂದಲೇ ಸಿಕ್ಕಿತು. ಆದೇಶವಾದ ಮೇಲೂ ಹೊಸ ಪಿಪಿಒ (ಪೆನ್ಷನ್ ಕೊಡುವ ಆದೇಶದ ಕಾಗದ) ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು.

ನನ್ನದು ಪೆಟ್ಟಿನ ಕೇಸು. ಬಿಪಿ, ಕಿವಿ ಕೇಳದಿರುವುದು, ಫಿಟ್ಸ್ ಇಂಥವುಗಳ ದಾರಿ ಬೇರೆ. ಅಲ್ಲಿ 2013ರ ಧರಮ್‌ವೀರ್ ಸಿಂಗ್ ತೀರ್ಪು ಕೈ ಹಿಡಿಯುತ್ತದೆ. ಭರ್ತಿಯಾಗುವಾಗ ಕಾಯಿಲೆ ಇದೆ ಅಂತ ಬರೆದಿಲ್ಲದಿದ್ದರೆ ಸೈನಿಕ ಆರೋಗ್ಯವಾಗಿಯೇ ಬಂದಿದ್ದ ಅಂತ ಹಿಡಿಯಬೇಕು, ಅಲ್ಲ ಅನ್ನುವವರು ಕಾರಣ ಕೊಡಬೇಕು ಅಂತ ಅದು ಹೇಳುತ್ತದೆ. ತೋಪಖಾನೆಯಲ್ಲಿದ್ದ ಗದಗಿನ ಗೆಳೆಯನ ಕಿವಿಯ ಕೇಸಿಗೆ ಇದನ್ನೇ ಹಾಕಿದ್ದೇವೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅದಾದ ಮೇಲೆ ಹೊರಬಂದವರು ನನ್ನ ಲೆಕ್ಕವನ್ನೇ ಹಿಡಿಯಬೇಡಿ, ಹೊಸದನ್ನು ನೋಡಿ ಅರ್ಜಿ ಬರೆಸಿ.

ಈಗ ನೌಕರಿಯಲ್ಲಿ ಇರುವ ತಮ್ಮಂದಿರೇ, ಸಣ್ಣ ಪೆಟ್ಟಾದರೂ ಇಂಜುರಿ ರಿಪೋರ್ಟ್ ಮಾಡಿಸಿ. ಅದರ ಪ್ರತಿ ತೆಗೆದು ಊರಿಗೆ ಕಳಿಸಿ. ಹೊರಬಂದವರು ಕಾಗದ ಓದಿಸಲು ನನ್ನ ಹತ್ತಿರ ಬರುವುದಾದರೆ ಡಿಸ್ಚಾರ್ಜ್ ಬುಕ್, ಪಿಪಿಒ, ಬೋರ್ಡಿನ ಪ್ರತಿ, ರಿಜೆಕ್ಟ್ ಆದ ಪತ್ರ ಅದರ ಲಕೋಟೆಯ ಸಮೇತ ತನ್ನಿ. ಅಪೀಲಿನ ಆರು ತಿಂಗಳ ಲೆಕ್ಕ ಹಾಕುವಾಗ ಲಕೋಟೆಯ ಮೇಲಿನ ಪೋಸ್ಟಿನ ಮುದ್ರೆ ಬೇಕಾಗುತ್ತದೆ.