ಅವ್ವನ ಸೀರೆ ನೆಲಕ್ಕೆ ತಾಗುತ್ತಿದೆಯಾ? ಮೊದಲು ಎತ್ತರ ಅಳೆಯಿರಿ

ಅವ್ವನ ಇಳಕಲ್ ಸೀರೆ ನೆಲ ಗುಡಿಸೋಕೆ ಶುರು ಮಾಡಿದಾಗ ನಾವೆಲ್ಲ ನಕ್ಕಿದ್ದೆವು. "ನೆರಿಗಿ ಸರಿ ಹಿಡಿಬೇ ಯವ್ವಾ" ಅಂತ ತಂಗಿ ರೇಗಿಸಿದ್ದಳು. ಸೀರೆ ಅದೇ, ಉಡೋ ರೀತಿ ಅದೇ. ಕುಗ್ಗಿದ್ದು ಅವ್ವ. ಬಾಗಲಕೋಟೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಎರಡು ಮಣಿ ಸದ್ದಿಲ್ಲದೆ ಕುಸಿದಿದ್ದವು.

ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ಮಣಿ ಕುಸಿದರೂ ಎಷ್ಟೋ ಸಲ ನೋವೇ ಇರಲ್ಲ.

ಮೂಳೆ ಒಣಕಟ್ಟಿಗೆ ಅಲ್ಲ. ಅದರ ಜೀವಕೋಶಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಆಸ್ಟಿಯೋಸೈಟ್‌ಗಳು. ಮೂಳೆಯೊಳಗೇ ಹುದುಗಿ ವರ್ಷಗಟ್ಟಲೆ ಬದುಕುತ್ತವೆ, ಭಾರ ಎಲ್ಲಿ ಬಿತ್ತು, ಬಿರುಕು ಎಲ್ಲಿ ಬಿಟ್ಟಿತು ಅಂತ ಗಮನಿಸಿ ರಿಪೇರಿಗೆ ಕರೆಯುತ್ತವೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ, ಇವು ಜಾಸ್ತಿ ಸಾಯುತ್ತವೆ. ಸಾಯುವಾಗ ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸಿ ಹೋಗುತ್ತವೆ. ಸತ್ತ ಆಸ್ಟಿಯೋಸೈಟ್‌ಗಳು ಬಿಟ್ಟುಹೋದ ಪುಟ್ಟ ಗೂಡುಗಳಲ್ಲಿ ಕೆಲವು ಕಡೆ ಖನಿಜ ತುಂಬಿ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಒಳ್ಳೇದೇ ಅಲ್ವಾ? ಅಲ್ಲ. ಬಿಸಿ ರೊಟ್ಟಿ ಮಡಚಬಹುದು, ಕಡಕ್ ರೊಟ್ಟಿ ಮಡಚಿದರೆ ಪಟ್ ಅನ್ನುತ್ತದೆ.

ಡೆಕ್ಸಾ ಸ್ಕ್ಯಾನ್ ಮಾಡಿಸಿ, ಅದು ಮೂಳೆ ಎಷ್ಟು ದಟ್ಟವಾಗಿದೆ ಅಂತ ನೋಡುವ ಎಕ್ಸ್‌ರೇ. ಟಿ-ಸ್ಕೋರ್ (ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ. ಆದರೆ ಸ್ಕ್ಯಾನ್ ಅಳೆಯುವುದು ಖನಿಜವನ್ನು, ಕೋಶ ಬದುಕಿದೆಯಾ ಅಂತ ಹೇಳಲ್ಲ. ನಿಂತಲ್ಲೇ ಜಾರಿ ಬಿದ್ದು ಮೂಳೆ ಮುರಿದಿದ್ದರೆ ಸ್ಕೋರ್ ಚೆನ್ನಾಗಿದೆ ಅಂತ ನಿರಾಳ ಆಗಬೇಡಿ.

ನಾವು ಮಾಡಿದ ದೊಡ್ಡ ತಪ್ಪು ಮಂಡಿನೋವಿನ ಪುಡಿ. ಹೆಸರಿಲ್ಲ, ಚೀಟಿ ಇಲ್ಲ, ಹಳೇ ಪೇಪರಿನ ಪೊಟ್ಟಣ. ಒಂದೇ ದಿನಕ್ಕೆ ನೋವು ಮಾಯ, ಹಾಗಾಗಿ ಅವ್ವ ಎರಡು ವರ್ಷ ತಿಂದಳು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಬಹಳ ದಿನ ತಿಂದರೆ ಮೂಳೆ ಕಟ್ಟುವ ಕೋಶಗಳೂ ಆಸ್ಟಿಯೋಸೈಟ್‌ಗಳೂ ಸಾಯುತ್ತವೆ, ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿಯಲೂಬಹುದು. ಹಾಗಂತ ದಿಢೀರನೆ ನಿಲ್ಲಿಸಬೇಡಿ, ಅದು ಜೀವಕ್ಕೇ ಅಪಾಯ. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಊಟದ್ದು ಸಣ್ಣ ಮಾತು. ನಮ್ಮ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ, 100 ಗ್ರಾಂಗೆ 30 ಮಿ.ಗ್ರಾಂ. ಆಸುಪಾಸು, ರಾಗಿಯಲ್ಲಿ 350ರ ಹತ್ತಿರ. ರೊಟ್ಟಿ ಬಿಡೋದು ಬೇಡ, ಜೊತೆಗೆ ಮೊಸರು ಇರಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗೆ ಮಾತ್ರ ಯಾಕೆ?

ಮತ್ತೆ, ಹಿರಿಯರನ್ನು ನಡೆದಾಡಿಸಿ. ಮೂಳೆ ಮೇಲೆ ಭಾರ ಬೀಳದಿದ್ದರೂ ಆಸ್ಟಿಯೋಸೈಟ್‌ಗಳು ಸಾಯುತ್ತವೆ. ಮಣಿ ಕುಸಿದವರು ಬಗ್ಗಿ ಕೊಡ ಎತ್ತಬಾರದು, ಅಷ್ಟೇ. ಅವ್ವ ಈಗ ದಿನಾ ಹನುಮಪ್ಪನ ಗುಡಿವರೆಗೆ ಹೋಗಿ ಬರುತ್ತಾಳೆ. ಚೌಕಟ್ಟಿನ ಗೆರೆ ವರ್ಷದಿಂದ ಅಲ್ಲೇ ಇದೆ. ಸೀರೆಯನ್ನು ಸೊಂಟದ ಹತ್ತಿರ ಒಂದು ಮಡಿಕೆ ಜಾಸ್ತಿ ಸಿಕ್ಕಿಸಿಕೊಳ್ಳುತ್ತಾಳೆ.