ನಾಡಿ ಎಣಿಸಿ ಕುಣಿದ ರಾತ್ರಿ

ನಮ್ಮ ಕಾಸರಗೋಡಿನ ಕಡೆ ಮದುವೆಯ ಹಿಂದಿನ ರಾತ್ರಿಯ ಮದರಂಗಿಗೆ ಈಗ ಡಿಜೆ ಇರಲೇಬೇಕು. ಹುಡುಗ ಹುಡುಗಿಯರು ಕುಣಿಯುತ್ತಾರೆ. ನಲವತ್ತು ದಾಟಿದ ಹೆಂಗಸರು ಕುರ್ಚಿ ಎಳೆದುಕೊಂಡು ನೋಡುತ್ತಾ ಕೂರುತ್ತೇವೆ. ಕುಣಿಯುವ ಆಸೆ ಇಲ್ಲ ಅಂತ ಅಲ್ಲ. ಹಾಕುವ ಹಾಡು ನಮ್ಮದಲ್ಲ, ಅಷ್ಟೇ. ಬದಿಯಡ್ಕದ ಹತ್ತಿರ ಈಚೆಗೆ ನಡೆದ ಒಂದು ಮದರಂಗಿಯಲ್ಲಿ ನಾನೂ ನನ್ನ ಗೆಳತಿಯೂ ಎರಡು ಗಂಟೆ ಹೊತ್ತು ಬರೀ ಹಳೆ ಹಾಡಿಗೆ ಕುಣಿದೆವು. ಅಂಗಳದಲ್ಲಿದ್ದ ಹೆಂಗಸರೆಲ್ಲ ಎದ್ದು ಬಂದರು. ಅದಕ್ಕೆ ಏನೇನು ಮಾಡಿದೆವು ಅಂತ ಬರೆಯುತ್ತೇನೆ.

ಮದುಮಗಳು ಗೆಳತಿಯ ಅಣ್ಣನ ಮಗಳು. ಹಾಗಾಗಿ ಕೇಳುವ ಸಲುಗೆ ಇತ್ತು. "ಎಂಟರಿಂದ ಹತ್ತರವರೆಗೆ ನಿಮ್ಮದೇ ಹಾಡು ಅತ್ತೆ" ಅಂದಳು ಹುಡುಗಿ. ಹತ್ತು ಗಂಟೆ ಯಾಕೆಂದರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ದೇಶಕ್ಕೆಲ್ಲ ಅನ್ವಯಿಸುವ 2000ದ ಶಬ್ದ ಮಾಲಿನ್ಯ ನಿಯಮ ಅದು. ಪಕ್ಕದ ಮನೆಯಲ್ಲಿ ವಯಸ್ಸಾದವರೂ ಇದ್ದರು. ಎರಡು ಗಂಟೆಯೇ ಸಿಗುವುದಾದರೆ ಹಾಡುಗಳ ಕ್ರಮ ಸರಿ ಇರಲೇಬೇಕು ಅಂತ ಆಗಲೇ ಅನ್ನಿಸಿತು.

ಗೆಳತಿ ನರ್ಸ್. ಹಾಡು ಜೋಡಿಸಲು ಅವಳು ಹಿಡಿದ ದಾರಿ ನನಗೆ ತುಂಬಾ ಇಷ್ಟವಾಯಿತು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಹಾಡು ಹಾಕಿದೆವು. ಅವಳು ಕೈಗಡಿಯಾರ ನೋಡುತ್ತಾ, ಬೆರಳಿಂದ ತೊಡೆಯ ಮೇಲೆ ತಟ್ಟುತ್ತಾ ಹದಿನೈದು ಸೆಕೆಂಡಿನ ಪೆಟ್ಟು ಎಣಿಸುತ್ತಿದ್ದಳು. ಅದನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ. ವಾರ್ಡಿನಲ್ಲಿ ನಾಡಿ ನೋಡುವುದೂ ಹೀಗೇ. ಬೀ ಜೀಸ್ ತಂಡದ 1977ರ 'ಸ್ಟೇಯಿಂಗ್ ಅಲೈವ್' ನೂರಕ್ಕೆ ಸ್ವಲ್ಪ ಮೇಲೆ ಬಂತು. "ಇದು ನನಗೆ ಬಾಯಿಪಾಠ ಮಾರಾಯ್ತಿ, ಎಣಿಸಬೇಕಂತಲೇ ಇಲ್ಲ" ಅಂದಳು. ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸುವಾಗ ಈ ಹಾಡನ್ನೇ ಹೇಳಿಕೊಡುತ್ತಾರಂತೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಹಾಡು ಆ ಲೆಕ್ಕಕ್ಕೆ ಸರಿ ಕೂರುತ್ತದೆ.

ಹೀಗೆ ಎಣಿಸಿ ಹಾಡುಗಳನ್ನು ನಿಧಾನ, ನಡು, ಜೋರು ಅಂತ ಮೂರು ಪಾಲು ಮಾಡಿದೆವು. ಮೊದಲಿಗೆ ನಿಧಾನದವು. ಡಿಜೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಅಬ್ಬರದ ಹಾಡು ಹಾಕುತ್ತಾರೆ. ನಮ್ಮ ವಯಸ್ಸಿನವರು ಎದ್ದು ನಿಲ್ಲುವ ಮೊದಲೇ ಅದು ಮುಗಿದಿರುತ್ತದೆ. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕೆ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ಹಾಕಿಸಿದೆವು. ಕೂತಲ್ಲೇ ಎಲ್ಲರ ಬಾಯಿ ಆಡಿತು. ಬಾಯಿ ಆಡಿದರೆ ಕಾಲು ಆಡಲು ಜಾಸ್ತಿ ಹೊತ್ತು ಬೇಡ.

ಆಮೇಲೆ 1980ರ 'ಕುರ್ಬಾನಿ'ಯಲ್ಲಿ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ'. ಅದಕ್ಕೆ ಸಂಗೀತ ಕೊಟ್ಟ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು ಅನ್ನುವುದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! ನನಗೆ ಅದನ್ನು ಹೇಳುವುದೇ ಒಂದು ಖುಷಿ. ಡಿಸ್ಕೋ ಹಾಡಿನ ಅನುಕೂಲ ಏನೆಂದರೆ ದೊಡ್ಡ ಡ್ರಮ್ಮಿನ ಪೆಟ್ಟು ಪ್ರತಿ ಮಾತ್ರೆಗೂ ಬೀಳುತ್ತದೆ. ಕಾಲು ತಪ್ಪಿದರೂ ಮುಂದಿನ ಪೆಟ್ಟಿಗೆ ಸೇರಿಕೊಳ್ಳಬಹುದು. ಬಲಕ್ಕೆ ಒಂದು ಹೆಜ್ಜೆ, ಎಡಗಾಲು ತಂದು ತಾಗಿಸುವುದು; ಎಡಕ್ಕೆ ಒಂದು ಹೆಜ್ಜೆ, ಬಲಗಾಲು ತಂದು ತಾಗಿಸುವುದು. ಇಷ್ಟು ಬಂದರೆ ಸಾಕು. ಕೈ ತಾನಾಗಿ ಬರುತ್ತದೆ. ನಾವಿಬ್ಬರೂ ಎದುರುಬದುರು ನಿಂತು ಇದನ್ನೇ ಮಾಡಿದೆವು. ಎರಡನೇ ಹಾಡಿಗೆ ಅವಳ ನಾದಿನಿ ಬಂದಳು, ಹಿಂದೆಯೇ ಅಡುಗೆಗೆ ಬಂದಿದ್ದ ಅಕ್ಕಂದಿರು. ಒಬ್ಬಳೇ ಆಗಿದ್ದರೆ ನಾನು ಅಂಗಳದ ನಡುವಿಗೆ ಹೋಗುತ್ತಿರಲಿಲ್ಲ. ಅದೇ ಹಾಡು ಕೇಳಿ ಬೆಳೆದ ಗೆಳತಿ ಎದುರಿಗಿದ್ದರೆ ನೋಡುವವರ ಕಡೆ ಲಕ್ಷ್ಯವೇ ಹೋಗುವುದಿಲ್ಲ.

ಡಿಜೆ ಮಲಯಾಳಿ ಹುಡುಗ, ಒಳ್ಳೆಯವನು. "ಚೇಚೀ, ರೀಮಿಕ್ಸ್ ಹಾಕಲಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದ. ಬೇಡ ಅಂದೆವು. ರೀಮಿಕ್ಸಿನಲ್ಲಿ ವೇಗ ಹೆಚ್ಚಿಸಿ ಚರಣ ಕತ್ತರಿಸಿಬಿಡುತ್ತಾರೆ. ನಮಗೆ ಚರಣ ಬೇಕು, ಉಸಿರು ತಿರುಗುವುದೇ ಅಲ್ಲಿ. ಬೇಸ್ ಇಳಿಸಲೂ ಹೇಳಿದೆವು. ಹಳೆ ರೆಕಾರ್ಡಿಂಗಿನಲ್ಲಿ ದನಿಯೇ ಮುಂದೆ. ದೊಡ್ಡ ಬಾಕ್ಸಿನಲ್ಲಿ ಬೇಸ್ ಏರಿಸಿದರೆ ಹಾಡಿದವರು ಯಾರೆಂದೇ ತಿಳಿಯುವುದಿಲ್ಲ. ಅವನು ಒಂದು ಗುಂಡಿ ತಿರುಗಿಸಿದ, ಎಸ್‌ಪಿಬಿ ದನಿ ಅಂಗಳದ ಮೇಲೆ ತೇಲಿ ಬಂತು. ಅದು 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಮಾಡಿದ 'ಸಂತೋಷಕ್ಕೆ'. ಅದನ್ನು ಒಂಬತ್ತೂವರೆಗೆಂದೇ ಎತ್ತಿಟ್ಟಿದ್ದೆವು. ಶಂಕರ್‌ನಾಗ್ ಹಾಡು ಅಂತ ಹುಡುಗರೂ ನುಗ್ಗಿದರು. ಇಡೀ ರಾತ್ರಿಯ ಜೋರು ಅದೇ.

ಸಣ್ಣ ವಿಷಯಗಳೂ ಇವೆ. ಕೈಗೆ ಮದರಂಗಿ ಹಾಕಿಸಿಕೊಳ್ಳುವುದು ಕುಣಿದ ಮೇಲೆ. ಮೊದಲೇ ಹಾಕಿಸಿಕೊಂಡವರು ಪಾಪ, ಕೈ ಅಗಲಿಸಿ ನಿಲ್ಲಬೇಕಾಯಿತು. ಅಂಗಳಕ್ಕೆ ಹಾಸಿದ ಪ್ಲಾಸ್ಟಿಕ್ ಚಾಪೆ ಸುತ್ತಿ ಇಟ್ಟೆವು, ಕಾಲು ಜಾರುತ್ತದೆ. ಸೀರೆ ಉಟ್ಟರೆ ನೆರಿಗೆ ಕಾಲಿನ ಗಂಟಿನ ಮೇಲಿರಬೇಕು. ನಮ್ಮೂರಿನ ಮೇ ತಿಂಗಳ ಸೆಕೆಗೆ ಬೆವರು ಸುರಿಯುತ್ತದೆ, ಸುಮ್ನೆ ನೀರು ಸಾಲದು. ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿಸಿ ನಡುನಡುವೆ ಕುಡಿದೆವು. ಊಟ ಕೊನೆಗೆ.

ಹತ್ತಕ್ಕೆ ಐದು ನಿಮಿಷ ಇದ್ದಾಗ ಮತ್ತೆ ನಿಧಾನದ ಹಾಡಿಗೆ ಇಳಿಸಿದೆವು. ಓಡಿದವರು ತಟ್ಟನೆ ಕೂರಬಾರದು, ಕುಣಿದವರೂ ಅಷ್ಟೇ ಅನ್ನುತ್ತಾಳೆ ಗೆಳತಿ. ಡಿಜೆ ಹುಡುಗ ಕೇಬಲ್ ಸುತ್ತುವಾಗ ನಮ್ಮ ಪಟ್ಟಿಯ ಫೋಟೊ ತೆಗೆದುಕೊಂಡ. ಉಪ್ಪಳದಲ್ಲಿ ಅವನು ಹಾಡು ಹಾಕಬೇಕಾದ ಇನ್ನೊಂದು ಮದುವೆ ಇದೆ, ಅಲ್ಲಿಗೆ ಮಲಯಾಳಂ ಹಳೆ ಹಾಡುಗಳೂ ಹೀಗೇ ಜೋಡಿಸಿ ಬೇಕಂತೆ. ನೈಟ್ ಡ್ಯೂಟಿ ಇಲ್ಲದ ದಿನ ಬಾ, ಎಣಿಸೋಣ ಅಂತ ಗೆಳತಿ ನಿನ್ನೆ ಫೋನ್ ಮಾಡಿದ್ದಳು.